ಕ್ಯಾರವಾನ್‌ಗೆ ಇಂಟರ್ನೆಟ್: 24 ತಿಂಗಳ ಕರಾರಿಗೆ ಸಹಿ ಹಾಕುವ ಮುನ್ನ ಇದನ್ನು ಓದಿ

ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ನಾವು 2023ರ ವಸಂತದಲ್ಲಿ ವೇಲ್ಸ್‌ನ ಪಶ್ಚಿಮ ಕರಾವಳಿಯ ಬಾರ್ಮತ್ ಸಮೀಪದ ಹಾಲಿಡೇ ಪಾರ್ಕೊಂದರಲ್ಲಿ ಹಳೆಯದೊಂದು ಸ್ಟ್ಯಾಟಿಕ್ ಕ್ಯಾರವಾನ್ ಕೊಂಡೆವು. ಅದಕ್ಕೆ ಇಂಟರ್ನೆಟ್ ಹಾಕಿಸಲು ಹೋಗಿ ಎರಡು ವರ್ಷದಲ್ಲಿ 550 ಪೌಂಡಿಗೂ ಹೆಚ್ಚು ಹಣ ಕಳೆದುಕೊಂಡೆವು. ಈಚೆಗೆ ನಮ್ಮ ಪರಿಚಯದ ಮೂರ್ನಾಲ್ಕು ಕನ್ನಡ ಕುಟುಂಬಗಳು ಕ್ಯಾರವಾನ್ ನೋಡುತ್ತಿರುವುದಾಗಿ ತಿಳಿದ ಮೇಲೆ, ನಡೆದದ್ದನ್ನು ವಿವರವಾಗಿ ಬರೆದಿಡುವುದು ನನ್ನ ಕರ್ತವ್ಯವೆನಿಸಿತು.

ಸ್ಟ್ಯಾಟಿಕ್ ಕ್ಯಾರವಾನ್ ಎಂದರೆ ತಳದಲ್ಲಿ ಗಾಲಿ ಇದ್ದರೂ ಒಂದೇ ಕಡೆ ನಿಂತಿರುವ ಪುಟ್ಟ ಮನೆ. ವಿದ್ಯುತ್, ನೀರು, ಗ್ಯಾಸ್ ಎಲ್ಲವೂ ಇರುತ್ತವೆ. ದೂರವಾಣಿಯ ತಂತಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಜಾಗ ಪಾರ್ಕಿನ ಮಾಲೀಕರದು, ನಮ್ಮದು ಕೇವಲ ಪರವಾನಗಿ. ಅವರ ಒಪ್ಪಿಗೆಯಿಲ್ಲದೆ ಯಾರೂ ನೆಲ ಅಗೆದು ತಂತಿ ಎಳೆಯುವಂತಿಲ್ಲ. ನಮ್ಮ ಪಾರ್ಕಿನ ಎಲ್ಲ ಕ್ಯಾರವಾನ್‌ಗಳಿಗೂ ಪೋಸ್ಟ್‌ಕೋಡ್ ಒಂದೇ ಆದ್ದರಿಂದ, ಬ್ರಾಡ್‌ಬ್ಯಾಂಡ್ ಕಂಪನಿಗಳ ಅರ್ಜಿಯಲ್ಲಿ ನಮ್ಮ ವಿಳಾಸವೇ ಸಿಗುತ್ತಿರಲಿಲ್ಲ.

ಮಾರಾಟದ ದಿನ ‘ಪಾರ್ಕಿನಲ್ಲಿ ವೈಫೈ ಇದೆ’ ಎಂದು ಹೇಳಿದ್ದರು. ಅದು ಸುಳ್ಳಲ್ಲ. ಆದರೆ ವೈಫೈ ಇದ್ದದ್ದು ಕಚೇರಿ ಮತ್ತು ಕ್ಲಬ್‌ಹೌಸಿನ ಸುತ್ತ; ನಮ್ಮ ಸಾಲಿಗೆ ಅದರ ಹೆಸರು ಮಾತ್ರ ತಲುಪುತ್ತಿತ್ತು. ಪ್ರತಿ ಸಲವೂ ಪುಟ ತೆರೆದು ಸಂಕೇತಪದ ಹಾಕಬೇಕಾಗಿದ್ದರಿಂದ ಟಿವಿಗೆ ಅದನ್ನು ಜೋಡಿಸಲೂ ಆಗಲಿಲ್ಲ. ನೀವು ಕೊಳ್ಳುವವರಿದ್ದರೆ ‘ವೈಫೈ ಇದೆಯೇ’ ಎಂದು ಕೇಳಿ ಸುಮ್ಮನಾಗಬೇಡಿ. ನಿಮಗೆ ತೋರಿಸಿದ ಕ್ಯಾರವಾನಿನ ಒಳಗೇ ಕುಳಿತು ಅವರ ಎದುರಿಗೇ ಜೋಡಿಸಿ ನೋಡಿ.

ಹೀಗಾಗಿ ಸಿಮ್ ಹಾಕುವ 4ಜಿ ರೂಟರ್ ತರಲು ನಿರ್ಧರಿಸಿ, ಊರಿನ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿಯ ಸಿಬ್ಬಂದಿ ಪೋಸ್ಟ್‌ಕೋಡ್ ಹಾಕಿ ನಕ್ಷೆ ತೋರಿಸಿದರು. ನಮ್ಮ ಜಾಗ ಅದರಲ್ಲಿ ಗಾಢ ಬಣ್ಣದಲ್ಲಿತ್ತು. ಅದು ಬಯಲಿನಲ್ಲಿ ಸಿಗುವ ಸಿಗ್ನಲ್‌ನ ನಕ್ಷೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ತಿಂಗಳಿಗೆ 22 ಪೌಂಡಿನಂತೆ 24 ತಿಂಗಳ ಕರಾರಿಗೆ ಸಹಿ ಹಾಕಿದೆ. ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. ಆನ್‌ಲೈನ್ ಅಥವಾ ಫೋನ್ ಮೂಲಕ ಕೊಂಡಿದ್ದರೆ, 2013ರ ಗ್ರಾಹಕ ಕರಾರು ನಿಯಮಗಳ ಪ್ರಕಾರ 14 ದಿನದೊಳಗೆ ಕಾರಣ ಕೊಡದೆಯೇ ಕರಾರನ್ನು ರದ್ದು ಮಾಡುವ ಹಕ್ಕು ನನಗಿರುತ್ತಿತ್ತು. ಬಳಸಿದ ದಿನಗಳ ಹಣ ಕೊಟ್ಟರೆ ಸಾಕಿತ್ತು. ಅಂಗಡಿಯೊಳಗೆ ನಿಂತು ಸಹಿ ಹಾಕಿದವರಿಗೆ ಆ ಹಕ್ಕು ಕಾನೂನಿನಿಂದ ದೊರೆಯುವುದಿಲ್ಲ. ಹತ್ತನೆಯ ದಿನ ರೂಟರ್ ಹಿಂದಿರುಗಿಸಲು ಹೋದಾಗ ಅವರು ಇದನ್ನೇ ಹೇಳಿ ನನ್ನನ್ನು ಕಳುಹಿಸಿದರು.

ಹಿಂದಿರುಗಿಸಲು ಹೋಗಿದ್ದೇಕೆಂದರೆ, ಕ್ಯಾರವಾನಿನ ಒಳಗೆ ರೂಟರ್ ಇಟ್ಟ ಮೊದಲ ಸಂಜೆಯೇ ಅದರ ಕೆಂಪು ದೀಪ ಆರಲಿಲ್ಲ. ಸೋಫಾದ ಪಕ್ಕ ಇಟ್ಟೆ, ಮಂಚದ ಮೇಲಿಟ್ಟೆ, ಕೊನೆಗೆ ಅಡುಗೆಮನೆಯ ಸಿಂಕಿನ ಮೇಲಿನ ಕಿಟಕಿಗೆ ಒರಗಿಸಿ ಹಿಡಿದಾಗ ಸಿಗ್ನಲ್ ಸೂಚಿಸುವ ಒಂದು ಕಡ್ಡಿ ಮೂಡಿತು. ಕೈ ಬಿಟ್ಟರೆ ಮಾಯ. ಅದನ್ನೇ ಉದ್ದದ ವೈರಿನೊಡನೆ ಹೊರಗೆ ಮೆಟ್ಟಿಲ ಮೇಲೆ ಇಟ್ಟಾಗ ಮೂರು ಕಡ್ಡಿ ಬಂದವು. ನಮ್ಮ ಕ್ಯಾರವಾನಿನ ಹೊರಮೈ ಅಲ್ಯೂಮಿನಿಯಂ ತಗಡಿನದು, ಹಿಂದಿನ ಮಾಲೀಕರು ಹಾಕಿಸಿದ ಜೋಡಿ ಗಾಜಿನ ಕಿಟಕಿಗಳ ಮೇಲೂ ಶಾಖ ಉಳಿಸುವ ತೆಳುವಾದ ಲೋಹದ ಲೇಪನವಿದೆ. ಒಟ್ಟಿನಲ್ಲಿ ನಾವು ಮುಚ್ಚಳ ಹಾಕಿದ ಡಬ್ಬಿಯೊಳಗೆ ಕುಳಿತಂತೆ. ಮೇಲಾಗಿ ಬಾರ್ಮತ್ ಕಡೆ ಬೆಟ್ಟಗಳು ಸಮುದ್ರದ ಅಂಚಿಗೇ ಬಂದು ನಿಲ್ಲುತ್ತವೆ. ಬೆಟ್ಟದ ಮರೆಯಲ್ಲಿರುವ ಜಾಗಕ್ಕೆ 800 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಸಿಗ್ನಲ್ ಹೇಗೋ ತೂರಿ ಬರಬಹುದು, ಆದರೆ ಹೆಚ್ಚು ವೇಗ ಕೊಡುವ 1800 ಅಥವಾ 2600 ಮೆಗಾಹರ್ಟ್ಸ್‌ನದು ಸುಲಭವಾಗಿ ಬರುವುದಿಲ್ಲ. ಸಿಗ್ನಲ್ ಸಿಕ್ಕಿದರೂ ವೇಗ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಆಗಸ್ಟ್ ಬಂದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ಶಾಲೆಗೆ ರಜೆ, ಪಾರ್ಕ್ ತುಂಬಿತ್ತು, ಮಳೆ ಸುರಿಯುವ ಮಧ್ಯಾಹ್ನಗಳಲ್ಲಿ ಎಲ್ಲರೂ ಒಳಗೆ ಕುಳಿತು ಅದೇ ಒಂದು ಟವರ್ ಮೂಲಕ ಸಿನಿಮಾ ನೋಡುತ್ತಿದ್ದರು. ಮೈಸೂರಿನಲ್ಲಿರುವ ನಮ್ಮ ಅಮ್ಮ ಸಂಜೆ ದೇವರ ದೀಪ ಹಚ್ಚಿದ ಮೇಲೆ, ಅಂದರೆ ಇಲ್ಲಿಯ ಎರಡು ಗಂಟೆಗೆ, ವಿಡಿಯೋ ಕರೆ ಮಾಡುತ್ತಾರೆ. ಮೊಮ್ಮಗಳ ಮುಖ ಅರ್ಧ ಮೂಡಿ ಅಲ್ಲೇ ನಿಂತುಬಿಡುತ್ತಿತ್ತು. ‘ಕೇಳಿಸ್ತಾ ಇದೆಯೇನೋ, ಕೇಳಿಸ್ತಾ ಇದೆಯೇನೋ’ ಎಂಬ ಅವರ ದನಿ ಮಾತ್ರ ತುಂಡುತುಂಡಾಗಿ ಬರುತ್ತಿತ್ತು. ಎಂಬತ್ತರ ಹತ್ತಿರದ ಜೀವಕ್ಕೆ ಏನೋ ಆಗಿದೆಯೆಂಬ ಗಾಬರಿ ಹುಟ್ಟಿಸಿದ್ದು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆ ಬೇಸರದಲ್ಲಿ ಎರಡನೆಯ ತಪ್ಪು ಮಾಡಿದೆ. ಆನ್‌ಲೈನ್‌ನಲ್ಲಿ 80 ಪೌಂಡಿಗೆ ಸಿಕ್ಕ ‘ಸಿಗ್ನಲ್ ಬೂಸ್ಟರ್’ ತರಿಸಿ ಹಾಕಿದೆ. ಬ್ರಿಟನ್ನಿನಲ್ಲಿ ಇಂಥ ಉಪಕರಣವನ್ನು ಯಾರು ಬೇಕಾದರೂ ಬಳಸುವಂತಿಲ್ಲ. 2018ರಿಂದ ಇಲ್ಲಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ನಿಗದಿಪಡಿಸಿದ ತಾಂತ್ರಿಕ ಷರತ್ತುಗಳನ್ನು ಪೂರೈಸುವ ಕೆಲವು ಬಗೆಯ ರಿಪೀಟರ್‌ಗಳಿಗೆ (ಸಿಗ್ನಲ್ ಹಿಗ್ಗಿಸಿ ಮತ್ತೆ ಕಳುಹಿಸುವ ಉಪಕರಣಗಳಿಗೆ) ಮಾತ್ರ ಪರವಾನಗಿಯಿಂದ ವಿನಾಯಿತಿ ಇದೆ; ಉಳಿದವುಗಳ ಬಳಕೆ 2006ರ ನಿಸ್ತಂತು ಕಾಯ್ದೆಯಡಿ ಅಪರಾಧ. ಎಲ್ಲ ಕಂಪನಿಗಳ ಸಿಗ್ನಲ್‌ಗಳನ್ನೂ ಒಟ್ಟಿಗೆ ಹಿಗ್ಗಿಸುವ ಅಗ್ಗದ ಪೆಟ್ಟಿಗೆಯು ಟವರಿಗೆ ಗದ್ದಲ ಕಳುಹಿಸುತ್ತದೆ, ಅದರಿಂದ ಸುತ್ತಲಿನವರ ಫೋನುಗಳಿಗೂ ತೊಂದರೆಯಾಗುತ್ತದೆ. ಯಾರಾದರೂ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕಾದ ಹೊತ್ತಿನಲ್ಲಿ ಹೀಗಾದರೆ ಗತಿಯೇನು? ನಿಯಮ ಓದಿದ ದಿನವೇ ಅದನ್ನು ಕಳಚಿಟ್ಟೆ. ಮಾರುವವರ ಪುಟದಲ್ಲಿ ಈ ಮಾತು ಒಂದಕ್ಷರವೂ ಇರಲಿಲ್ಲ.

ಕರಾರಿನ ಕಂತು ಮಾತ್ರ ತಪ್ಪಲಿಲ್ಲ. ಚಳಿಗಾಲದಲ್ಲಿ ಪಾರ್ಕ್ ಆರು ವಾರ ಮುಚ್ಚಿದ್ದಾಗಲೂ ಕಟ್ಟಿದೆವು. ಹಣದುಬ್ಬರದ ಮೇಲೆ ಶೇಕಡಾ 3.9 ಸೇರಿಸುವ ಷರತ್ತು ಅದರಲ್ಲಿದ್ದುದರಿಂದ 2024ರ ಏಪ್ರಿಲ್‌ನಲ್ಲಿ ಶೇ. 7.9, 2025ರಲ್ಲಿ ಶೇ. 6.4 ಏರಿ, ಕೊನೆಯ ಕಂತು 25 ಪೌಂಡ್ ದಾಟಿತು. 2025ರ ಜನವರಿ 17ರಿಂದ ಮಾಡಿಕೊಳ್ಳುವ ಹೊಸ ಕರಾರುಗಳಲ್ಲಿ ಹೀಗೆ ಹಣದುಬ್ಬರಕ್ಕೆ ಕಟ್ಟಿಹಾಕುವುದನ್ನು ಆಫ್‌ಕಾಮ್ ನಿಷೇಧಿಸಿದೆ. ಏರಿಕೆ ಎಷ್ಟು ಪೌಂಡ್, ಎಷ್ಟು ಪೆನ್ಸ್ ಎಂದು ಮೊದಲೇ ಬರೆದು ತಿಳಿಸಬೇಕು. ಆ ಸಾಲನ್ನು ಹುಡುಕಿ ಓದಿ.

ಕೊನೆಗೆ ದಾರಿ ಸಿಕ್ಕಿದ್ದು ನಾವು ಮೊದಲೇ ಮಾಡಬೇಕಾಗಿದ್ದ ಕೆಲಸದಿಂದ. ಬೇರೆ ಬೇರೆ ನೆಟ್‌ವರ್ಕ್‌ಗಳ 30 ದಿನದ ಸಿಮ್‌ಗಳನ್ನು ತಂದು, ಒಂದೊಂದನ್ನೂ ಶನಿವಾರ ಸಂಜೆ ಏಳರಿಂದ ಒಂಬತ್ತರವರೆಗೆ ಕ್ಯಾರವಾನಿನ ಒಳಗೂ ಹೊರಗೂ ಹಾಕಿ ನೋಡಿ ಬರೆದಿಟ್ಟೆವು. ಕಡ್ಡಿಗಳನ್ನು ನಂಬಬೇಡಿ, ರೂಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ (RSRP) ಮತ್ತು ಎಸ್‌ಐಎನ್‌ಆರ್ (SINR) ಎಂಬ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಸಿಗ್ನಲ್ ಎಷ್ಟು ಬಲವಾಗಿದೆ, ಎರಡನೆಯದು ಎಷ್ಟು ಶುದ್ಧವಾಗಿದೆ ಎಂದು ತಿಳಿಸುತ್ತದೆ. ಮೊದಲನೆಯದು ಸೊನ್ನೆಗೆ ಹತ್ತಿರವಾದಷ್ಟೂ, ಎರಡನೆಯದು ಹೆಚ್ಚಾದಷ್ಟೂ ಒಳ್ಳೆಯದು. ನಮ್ಮಲ್ಲಿ ಒಳಗೆ ಆರ್‌ಎಸ್‌ಆರ್‌ಪಿ −116, ಎಸ್‌ಐಎನ್‌ಆರ್ 1 ಇದ್ದದ್ದು, ಇನ್ನೊಂದು ನೆಟ್‌ವರ್ಕಿನ ಸಿಮ್ ಹಾಕಿ ಹೊರಗಿನ ಕಂಬಕ್ಕೆ ಆಂಟೆನಾ ಕಟ್ಟಿದ ಮೇಲೆ −94 ಮತ್ತು 14ಕ್ಕೆ ಬಂದಿತು.

ಆಂಟೆನಾದ ವಿಷಯದಲ್ಲಿ ಆತುರ ಬೇಡ. ಕರಾರಿನ ಜೊತೆ ಕೊಟ್ಟ ರೂಟರಿಗೆ ಆಂಟೆನಾ ಸಿಕ್ಕಿಸುವ ಕಿಂಡಿಯೇ ಇರಲಿಲ್ಲ, ಬೇರೆಯದನ್ನು ಕೊಳ್ಳಬೇಕಾಯಿತು. ಕೇಬಲ್ ಉದ್ದವಾದಷ್ಟೂ ಗಳಿಸಿದ ಸಿಗ್ನಲ್ ಅದರಲ್ಲೇ ಸೋರಿಹೋಗುವುದರಿಂದ ಐದು ಮೀಟರಿಗೆ ನಿಲ್ಲಿಸಿದೆವು. ಗೋಡೆಗೆ ರಂಧ್ರ ಕೊರೆಯಬೇಡಿ: ತಗಡಿನ ಹಿಂದೆ ಮರದ ಚೌಕಟ್ಟಿದೆ, ಒಂದು ಸಣ್ಣ ತೂತಿನಿಂದ ನೀರು ಇಳಿದರೂ ಅದು ಒಳಗೊಳಗೇ ಕೊಳೆಯುತ್ತದೆ. ಟಿವಿ ಆಂಟೆನಾದ ತಂತಿ ಬರುತ್ತಿದ್ದ ದಾರಿಯಲ್ಲೇ ನಮ್ಮ ಕೇಬಲ್ಲುಗಳನ್ನೂ ತೂರಿಸಿ, ಸುತ್ತ ಸೀಲೆಂಟ್ ತುಂಬಿಸಿದೆವು. ಕಂಬ ನೆಡುವ ಮೊದಲು ಪಾರ್ಕಿನ ಕಚೇರಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದೆವು. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದರೆ ಉಳಿಯುವುದಿಲ್ಲ.

ಚಳಿಗಾಲದಲ್ಲಿ ಕ್ಯಾಮೆರಾ ಇಟ್ಟು ಮನೆಯಿಂದಲೇ ಕ್ಯಾರವಾನ್ ನೋಡಿಕೊಳ್ಳುವ ಆಲೋಚನೆ ನಿಮಗಿದ್ದರೆ, ಮೊಬೈಲ್ ನೆಟ್‌ವರ್ಕ್‌ಗಳು ಸಾಮಾನ್ಯವಾಗಿ ಅನೇಕ ಗ್ರಾಹಕರನ್ನು ಒಂದೇ ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಯ) ಹಿಂದೆ ಇರಿಸುವುದರಿಂದ ನೇರವಾಗಿ ಜೋಡಿಸುವ ಕ್ಯಾಮೆರಾಗಳು ಕೆಲಸ ಮಾಡುವುದಿಲ್ಲ. ತಯಾರಕರ ಆ್ಯಪ್ ಮೂಲಕ ನಡೆಯುವವನ್ನೇ ಕೊಳ್ಳಿ. ‘ಹೋಮ್ ಬ್ರಾಡ್‌ಬ್ಯಾಂಡ್’ ಹೆಸರಿನ ಕೆಲವು ಸಿಮ್‌ಗಳನ್ನು ನೋಂದಾಯಿಸಿದ ವಿಳಾಸದಲ್ಲಿ ಮಾತ್ರ ಬಳಸಬೇಕೆಂಬ ಷರತ್ತಿರುತ್ತದೆ. ಈಗಾಗಲೇ ಅಂಗಡಿಯಲ್ಲಿ ಸಹಿ ಹಾಕಿ ಬಂದಿದ್ದರೆ ನಾಳೆಗೆ ಮುಂದೂಡದೆ ರಸೀದಿಯ ಹಿಂಬದಿ ಓದಿ: ಕೆಲವು ಅಂಗಡಿಗಳು ತಾವಾಗಿಯೇ ಕೆಲವು ದಿನಗಳ ವಾಪಸಾತಿ ಅವಕಾಶ ಕೊಡುತ್ತವೆ, ಅದು ಸಹಿ ಹಾಕಿದ ದಿನದಿಂದಲೇ ಲೆಕ್ಕ. ಮುಂದಿನ ವಾರಾಂತ್ಯಕ್ಕೆ ಕಾಯದೆ ಇಂದೇ ಹೊರಟು, ಆ ರೂಟರನ್ನು ನಿಮ್ಮ ಕ್ಯಾರವಾನಿನೊಳಗೆ ಹಚ್ಚಿ ನೋಡಿ.