ಡ್ರಿಲ್ ಸ್ಟ್ರಿಂಗ್‌ನ ತಿರುಚು ಕಂಪನಕ್ಕೆ ಮೂರು ಮಾದರಿಗಳು: ಒಂದು ಹೋಲಿಕೆ

ಆಳದ ಬಾವಿ ಕೊರೆಯುವಾಗ, ಮೇಲಿನ ಮೋಟಾರು ತಿರುಗಿಸುವ ಉದ್ದ ಕೊಳವೆಯ (ಡ್ರಿಲ್ ಸ್ಟ್ರಿಂಗ್) ತುದಿಯ ಕೊರೆಯುವ ಮೊನೆ, ಅಂದರೆ ಬಿಟ್, ಕ್ಷಣಕಾಲ ಸಿಕ್ಕಿಕೊಂಡು, ಬಿಡಿಸಿಕೊಂಡೊಡನೆ ಮೇಲಿನ ವೇಗದ ಎರಡು ಪಟ್ಟನ್ನೂ ಮೀರಿ ತಿರುಗುವ ಸ್ಟಿಕ್-ಸ್ಲಿಪ್ ಕಂಪನವನ್ನು ಮೋಟಾರಿನ ಸಮೀಕರಣಗಳೊಡನೆ ಜೋಡಿಸಿ ಲೆಕ್ಕ ಹಾಕಲು ಮೂರು ಮಾದರಿಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಮೂರಕ್ಕೂ ಒಂದೇ ಉಕ್ಕಿನ ಕೊಳವೆ: ಉದ್ದ 3000 ಮೀಟರ್, ಹೊರವ್ಯಾಸ 127 ಮಿ.ಮೀ., ಒಳವ್ಯಾಸ 108.6 ಮಿ.ಮೀ.; ತಳದ ದಪ್ಪ ಕೊಳವೆಗಳ ಜಡತ್ವ 300 ಕೆ.ಜಿ.-ಚದರ ಮೀಟರ್.

ಮೇಲೊಂದು, ಕೆಳಗೊಂದು ಜಡತ್ವವಿಟ್ಟು ನಡುವೆ ತಿರುಚು ಸ್ಪ್ರಿಂಗ್ ಕಟ್ಟಿದ ಮಾದರಿಯೇ ಅತ್ಯಂತ ಸರಳ. ಸ್ಪ್ರಿಂಗ್‌ನ ಬಿಗಿತ ರೇಡಿಯನ್‌ಗೆ ಸುಮಾರು 314 ನ್ಯೂಟನ್-ಮೀಟರ್ ಬರುತ್ತದೆ. ಕೊಳವೆಯ ಜಡತ್ವದ ಮೂರನೇ ಒಂದು ಭಾಗವನ್ನು ತಳಕ್ಕೆ ಸೇರಿಸಿದರೆ, ಮೋಟಾರಿನ ವೇಗ ಸ್ಥಿರವಾಗಿದ್ದಾಗ ಕಂಪನದ ಆವರ್ತ ಸುಮಾರು 7 ಸೆಕೆಂಡ್. ತಿರುಚು ಕೊಳವೆಯುದ್ದಕ್ಕೂ ಅಲೆಯಾಗಿ ಸಾಗುವುದನ್ನು ತರಂಗ ಸಮೀಕರಣದಿಂದ ಲೆಕ್ಕ ಹಾಕುವ ಎರಡನೆಯ ಮಾದರಿ, ತರಂಗ ಮಾದರಿಯೂ ಇದನ್ನೇ ಹೇಳುತ್ತದೆ. ಕಂಪನ ಹುಟ್ಟುತ್ತದೆಯೇ ಇಲ್ಲವೇ ಎಂಬ ಮೊದಲ ಅಂದಾಜಿಗೆ ಸರಳ ಮಾದರಿಗಿಂತ ಹೆಚ್ಚಿನದು ಬೇಕಿಲ್ಲ.

ತೊಡಕು ಶುರುವಾಗುವುದು ಕಂಪನವನ್ನು ತಗ್ಗಿಸಲು ಮೋಟಾರಿನ ವೇಗ ನಿಯಂತ್ರಕವನ್ನು ಹೊಂದಿಸಲು ಹೊರಟಾಗ. ಉಕ್ಕಿನಲ್ಲಿ ತಿರುಚು ತರಂಗದ ವೇಗ ಸೆಕೆಂಡಿಗೆ ಸುಮಾರು 3180 ಮೀಟರ್ ಆದ್ದರಿಂದ ಬಿಟ್ ಸಿಕ್ಕಿಕೊಂಡ ಸುದ್ದಿ ಮೇಲೆ ತಲುಪಲು ಒಂದು ಸೆಕೆಂಡಿಗಿಂತ ತುಸು ಕಡಿಮೆ ಕಾಲ ಹಿಡಿಯುತ್ತದೆ. ಎರಡು ಜಡತ್ವಗಳ ಮಾದರಿಯಲ್ಲಿ ಆ ವಿಳಂಬವೇ ಇಲ್ಲ. ಮೇಲಾಗಿ, ಮೊದಲ ಕಂಪನ ವಿಧ 0.14 ಹರ್ಟ್ಸ್‌ನಲ್ಲಿದ್ದರೆ ಎರಡನೆಯದು 0.57ರ ಆಸುಪಾಸಿನಲ್ಲಿದೆ, ಮತ್ತು ಡ್ರೈವ್‌ನ (ಮೋಟಾರು ಮತ್ತು ಅದರ ನಿಯಂತ್ರಕದ) ಒಂದೇ ವಿಳಂಬ ಅಲ್ಲಿ ನಾಲ್ಕು ಪಟ್ಟು ಹಂತದ (ಫೇಸ್) ಹಿನ್ನಡೆಯಾಗುತ್ತದೆ. ಸರಳ ಮಾದರಿಯಲ್ಲಿ ಕಂಪನವನ್ನು ನೆಮ್ಮದಿಯಾಗಿ ಶಮನಗೊಳಿಸಿದ ನಿಯಂತ್ರಕವನ್ನೇ ತರಂಗ ಮಾದರಿಗೆ ಜೋಡಿಸಿದಾಗ, ವೇಗ ಹೆಚ್ಚಿದಂತೆ ಬಿಟ್‌ನ ಘರ್ಷಣೆ ಇಳಿಯುವ ವಲಯದಲ್ಲಿ ಈ ಎರಡನೆಯ ವಿಧ ಮೆಲ್ಲನೆ ಬೆಳೆಯುತ್ತ ಹೋಯಿತು.

ಕೊಳವೆಯನ್ನು 60 ಮೀಟರಿನ ಐವತ್ತು ತುಂಡುಗಳಾಗಿ ಒಡೆದ ಮೂರನೆಯ ಮಾದರಿ, ಫೈನೈಟ್ ಎಲಿಮೆಂಟ್ ಮಾದರಿಯೂ ಇದನ್ನು ತೋರಿಸುತ್ತದೆ. ಕೊಳವೆಯ ಅಡ್ಡಳತೆ ಅಲ್ಲಲ್ಲಿ ಬದಲಾಗುವುದಾದರೆ ಅದೇ ಅನುಕೂಲ. ಏಕರೂಪದ ಕೊಳವೆಗೆ ಮಾತ್ರ ಅದು ವೃಥಾ ಭಾರ. ತರಂಗ ಸಮೀಕರಣವನ್ನು ಮೇಲೇರುವ, ಕೆಳಗಿಳಿಯುವ ಎರಡು ಅಲೆಗಳಾಗಿ ಬಿಡಿಸಿ ವಿಳಂಬಗಳಾಗಿ ಬರೆದರೆ ಲೆಕ್ಕ ಬೇಗ ಮುಗಿಯುತ್ತದೆ.

ಮೋಟಾರಿನ ವಿದ್ಯುತ್ ಪ್ರವಾಹದ ಸಮೀಕರಣ ಮಿಲಿಸೆಕೆಂಡುಗಳಲ್ಲಿ ಬದಲಾಗುವುದರಿಂದ ಅದನ್ನು ಪೂರ್ತಿ ಬರೆಯದೆ, ಒಟ್ಟು ಡ್ರೈವ್‌ನ ವಿಳಂಬವನ್ನೂ ಟಾರ್ಕ್‌ನ (ತಿರುಗಿಸುವ ಬಲದ) ಮಿತಿಯನ್ನೂ ಉಳಿಸಿಕೊಂಡರೆ ಸಾಕು. ಘರ್ಷಣೆಯ ವಿಷಯದಲ್ಲಿ ಅಂಥ ಸಡಿಲಿಕೆ ಸಲ್ಲದು: ಅದನ್ನು ನುಣುಪಾದ ವಕ್ರರೇಖೆಯಾಗಿ ಬರೆದರೆ ಸಿಕ್ಕಿಕೊಂಡಿರಬೇಕಾದ ಬಿಟ್ ನಿಧಾನವಾಗಿ ತೆವಳುತ್ತಿರುತ್ತದೆ. ಹಾಗಾಗಿ ನಿಂತ ಸ್ಥಿತಿಯನ್ನು ಪ್ರತ್ಯೇಕವಾಗಿ ನಿಭಾಯಿಸುವ ಕಾರ್ನಾಪ್ ವಿಧಾನವನ್ನೇ ಮೂರು ಮಾದರಿಗಳಲ್ಲೂ ಬಳಸಿದೆ.