ಪಟ್ಟಿಗಿಂತ ಡ್ರೈವರ್ ಮುಖ್ಯ: ಮನೆಯ ಎಲ್‌ಇಡಿ ಸ್ಟ್ರಿಪ್‌ಗಳ ದೀರ್ಘಕಾಲದ ಬಳಕೆ

ಎಲ್‌ಇಡಿ ಸ್ಟ್ರಿಪ್ ಕೊಳ್ಳಲು ಹೋದವರ ಗಮನವೆಲ್ಲ ಪಟ್ಟಿಯ ಹೊಳಪಿನ ಮೇಲೇ ಇರುತ್ತದೆ. ಮನೆಗೆ ತಂದ ಮೇಲೆ ತೊಂದರೆ ಕೊಡುವುದು ಮನೆಯ ವಿದ್ಯುತ್ತನ್ನು ಅದಕ್ಕೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡ್ರೈವರ್, ಅದನ್ನು ಹಿಡಿದಿರುವ ಅಂಟು ಮತ್ತು ಅದು ಕೂತಿರುವ ಜಾಗ. 2021ರಲ್ಲಿ ಬೆಂಗಳೂರಿನ ನಮ್ಮ ಮನೆಯನ್ನು ನವೀಕರಿಸಿದಾಗ ಹಾಲ್, ಅಡುಗೆಮನೆ, ದೇವರ ಮನೆ ಮೂರಕ್ಕೂ ಸ್ಟ್ರಿಪ್ ಹಾಕಿಸಿದೆವು. ಒಂದೇ ಬಗೆಯ ದೀಪ, ಒಂದೇ ಮನೆ. ಆದರೆ ಮೂರರ ಹಣೆಬರಹವೂ ಬೇರೆ ಬೇರೆಯಾಯಿತು.

ಎಲ್ಲಕ್ಕಿಂತ ಚೆನ್ನಾಗಿ ಬಾಳಿಕೆ ಬಂದದ್ದು ಅಡುಗೆಮನೆಯದು. ಮೇಲಿನ ಕಪಾಟುಗಳ ಅಡಿಯಲ್ಲಿ ಎರಡು ಮೀಟರಿನಷ್ಟು 12 ವೋಲ್ಟಿನ ಪಟ್ಟಿ, ಮೀಟರಿಗೆ 120 ಎಲ್‌ಇಡಿ, ಸುಮಾರು 10 ವಾಟ್. ಅಲ್ಯುಮಿನಿಯಂ ಪ್ರೊಫೈಲ್ (ಪಟ್ಟಿ ಕೂರಿಸುವ ತೋಡಿನಂಥ ಉದ್ದನೆಯ ಲೋಹದ ಚೌಕಟ್ಟು) ಒಳಗೆ ಅಂಟಿಸಿ ಮೇಲೆ ಹಾಲುಬಣ್ಣದ ಮುಚ್ಚಳ ಹಾಕಿದ್ದಾರೆ. ಪಟ್ಟಿಗಿಂತ ಪ್ರೊಫೈಲ್‌ಗೇ ಹೆಚ್ಚು ಹಣ ಹೋಯಿತು ಎಂದು ಆಗ ಮನೆಯಲ್ಲಿ ಗೊಣಗಾಟವಿತ್ತು. ಈಗ ನೋಡಿದರೆ ಅದೇ ಸಾರ್ಥಕವಾದ ಖರ್ಚು. ಎಲ್‌ಇಡಿಯ ಶಾಖ ಹಳೆಯ ಬಲ್ಬಿನಂತೆ ಬೆಳಕಿನ ಜೊತೆ ಮುಂದಕ್ಕೆ ಬರುವುದಿಲ್ಲ, ಹಿಂದಿನ ಪಟ್ಟಿಗೆ ಇಳಿಯುತ್ತದೆ. ಅದನ್ನು ಹೀರಿಕೊಂಡು ಹರಡಲು ಲೋಹವಿದ್ದರೆ ದೀಪದ ಆಯುಷ್ಯ ಹೆಚ್ಚುತ್ತದೆ; ಬರೀ ಮರದ ಮೇಲೆ ಅಂಟಿಸಿದರೆ ಬೇಯುತ್ತದೆ. ಮುಚ್ಚಳದಿಂದ ಇನ್ನೆರಡು ಲಾಭ. ಒಗ್ಗರಣೆಯ ಹೊಗೆ, ಎಣ್ಣೆಯ ಜಿಡ್ಡು ಎಲ್ಲ ಅದರ ಮೇಲೆ ಕೂರುವುದರಿಂದ ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಜೊತೆಗೆ, ನಮ್ಮ ಕಪ್ಪು ಗ್ರಾನೈಟ್ ಕಟ್ಟೆಯಲ್ಲಿ ಎಲ್‌ಇಡಿಯ ಚುಕ್ಕಿಗಳು ಒಂದೊಂದಾಗಿ ಪ್ರತಿಫಲಿಸಿ ಕಣ್ಣಿಗೆ ಚುಚ್ಚುವುದು ತಪ್ಪಿತು. ಚುಕ್ಕಿಯೇ ಬೇಡ ಎನ್ನುವವರಿಗೆ ಈಗ ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿದ ಸಿಒಬಿ ಪಟ್ಟಿಗಳು ಸಿಗುತ್ತವೆ. ಅವು ಒಂದೇ ಗೆರೆಯಂತೆ ಬೆಳಗುತ್ತವೆ.

ಅಡುಗೆಮನೆ ಎಂದ ಕೂಡಲೇ ಅಂಗಡಿಯವರು ಸಿಲಿಕೋನ್ ಲೇಪದ ಜಲನಿರೋಧಕ ಪಟ್ಟಿಯನ್ನೇ ತೋರಿಸುತ್ತಾರೆ. ಸಿಂಕಿಗೆ ಅಂಟಿಕೊಂಡ ಜಾಗವಾದರೆ ಸರಿ. ಉಳಿದೆಡೆ ಲೇಪವಿಲ್ಲದ ಪಟ್ಟಿ ಮತ್ತು ಮುಚ್ಚಳ ಸಾಕು. ಲೇಪ ಶಾಖವನ್ನು ಹಿಡಿದಿಡುತ್ತದೆ, ಅಗ್ಗದ್ದಾದರೆ ಕಾಲಕ್ರಮೇಣ ಹಳದಿಯಾಗುತ್ತದೆ.

ದೇವರ ಮನೆಯದು ಬಣ್ಣದ ಪಾಠ ಕಲಿಸಿತು. ಮಂಟಪದ ಹಿಂದೆ 3000 ಕೆಲ್ವಿನ್‌ನ ಹಳದಿ ಬೆಳಕಿನ ಪಟ್ಟಿ ಹಾಕಿಸಿದೆವು, ನೋಡಲು ಬೆಚ್ಚಗಿತ್ತು. ಆದರೆ ಅಮ್ಮ ಎರಡನೇ ದಿನವೇ ಕೇಳಿದರು: "ಕುಂಕುಮ ಯಾಕೋ ಮಣ್ಣಿನ ಬಣ್ಣ ಕಾಣುತ್ತದಲ್ಲ?" ಅವರ ಕಣ್ಣು ಸರಿಯಾಗಿಯೇ ಇತ್ತು. ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕಿನ ಚಿಪ್ ಮತ್ತು ಅದರ ಮೇಲೆ ಬಳಿದ, ನೀಲಿಯನ್ನು ಬೇರೆ ಬಣ್ಣಗಳಿಗೆ ತಿರುಗಿಸುವ ಫಾಸ್ಫರ್ ಪುಡಿ. ಅಗ್ಗದ ಪಟ್ಟಿಗಳಲ್ಲಿ ಈ ಮಿಶ್ರಣದಿಂದ ಕೆಂಪು ಸಾಕಷ್ಟು ಹೊಮ್ಮುವುದಿಲ್ಲ. ಬೆಳಕಿನಲ್ಲಿಲ್ಲದ ಕೆಂಪನ್ನು ಕುಂಕುಮವಾಗಲಿ, ದಾಸವಾಳವಾಗಲಿ ಎಲ್ಲಿಂದ ತೋರಿಸಬೇಕು? ಬೆಳಕಿನಡಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವುದು ಸಿಆರ್‌ಐ ಎಂಬ ಅಂಕಿ. ಪೆಟ್ಟಿಗೆಯ ಮೇಲೆ ಅದು 80 ಎಂದಿದ್ದರೆ ಹಾಲ್‌ನ ಸೀಲಿಂಗಿನ ಅಂಚಿಗೆ ನಡೆಯುತ್ತದೆ. ಅಡುಗೆ, ಪೂಜೆ, ಕನ್ನಡಿ, ಬಟ್ಟೆಯ ಬೀರು ಇರುವಲ್ಲಿ 90ಕ್ಕಿಂತ ಕಡಿಮೆ ಬೇಡ. ಅಂಕಿಯನ್ನೇ ಬರೆಯದ ರೋಲ್ ಆದರೆ ಮುಟ್ಟಲೇಬೇಡಿ. ಆ ಪಟ್ಟಿ ಬದಲಾದ ಮೇಲೆ ಅಮ್ಮ ಮತ್ತೆ ದೂರಲಿಲ್ಲ. ಹೊಸದನ್ನು ನಂದಾದೀಪದ ಜ್ವಾಲೆಯಿಂದ ದೂರ ಸರಿಸಿ ಹಾಕಿಸಿದ್ದೇವೆ. ಹಳೆಯದು ಅಂಟುಬಿಟ್ಟು ದೀಪದ ಕಡೆಗೆ ಜೋತುಬೀಳಲು ಶುರುವಾಗಿತ್ತು.

ಅಂಟಿನ ವಿಷಯ ಬಂತು. ಪಟ್ಟಿಯ ಹಿಂದೆ ಕೆಂಪು ಹಾಳೆ ಸುಲಿದು ಅಂಟಿಸುವ ಟೇಪು ಲೋಹ, ಗಾಜು, ಸನ್ಮೈಕಾದ ಮೇಲೆ ನಿಲ್ಲುತ್ತದೆ. ಒರಟು ಪ್ಲೈವುಡ್ ಮೇಲೆ, ಡಿಸ್ಟೆಂಪರ್ ಬಳಿದ ಗೋಡೆಯ ಮೇಲೆ, ಜಿಪ್ಸಮ್ಮಿನ ಧೂಳಿನ ಮೇಲೆ ನಿಲ್ಲುವುದಿಲ್ಲ. ಬೇಸಿಗೆಯ ಒಂದು ವಾರ ಸಾಕು, ಮೂಲೆಯಿಂದ ಬಿಡಲು ಶುರು. ಅಲ್ಲಿ ಪ್ರೊಫೈಲನ್ನು ಸ್ಕ್ರೂ ಹೊಡೆದು ಕೂರಿಸುವುದೇ ಸರಿ.

ಇನ್ನು ಹಾಲ್. ಫಾಲ್ಸ್ ಸೀಲಿಂಗ್ ಮಾಡಿದ ಗುತ್ತಿಗೆದಾರರು ನೇರವಾಗಿ 230 ವೋಲ್ಟಿಗೆ ಸಿಕ್ಕಿಸುವ ಪಟ್ಟಿ ಹಾಕಿ ಕೊಟ್ಟಿದ್ದರು. ಡ್ರೈವರ್ ಬೇಡ, ಕೆಲಸ ಬೇಗ ಮುಗಿಯುತ್ತದೆ. ಆದರೆ ಇಂಥ ಸಾದಾ ಪಟ್ಟಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ನೇರವಾಗಿ ನೋಡಿದರೆ ಗೊತ್ತಾಗುವುದಿಲ್ಲ. ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಪಟ್ಟೆಗಳು ಓಡುತ್ತವೆ, ತಿರುಗುವ ಫ್ಯಾನಿನ ರೆಕ್ಕೆಗಳು ಒಮ್ಮೊಮ್ಮೆ ಹಿಂದಕ್ಕೆ ಹೋದಂತೆ ಕಾಣುತ್ತವೆ. ಸಂಜೆಯಿಡೀ ಅದರಡಿ ಕೂತರೆ ನನಗೆ ತಲೆನೋವು. ಮೇಲಾಗಿ ಒಂದು ಕಡೆ ಕೆಟ್ಟರೆ ಒಂದು ಮೀಟರ್ ಉದ್ದ ಪೂರ್ತಿ ಕತ್ತಲು. ಹೊರಗಿನ ಕಾಂಪೌಂಡಿಗೆ, ಹಬ್ಬದ ಅಲಂಕಾರಕ್ಕೆ ಇದು ಇರಲಿ, ಮನೆಯೊಳಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅದನ್ನು ಕಿತ್ತು 24 ವೋಲ್ಟಿನದು ಹಾಕಿಸಿದೆವು. ಲೆಕ್ಕ ಹೀಗೆ: 12 ಅಡಿಗೆ 16 ಅಡಿಯ ಹಾಲ್, ಸುತ್ತಳತೆ 56 ಅಡಿ, ಅಂದರೆ 17 ಮೀಟರ್. ಮೀಟರಿಗೆ 10 ವಾಟ್ ಎಂದರೆ 170 ವಾಟ್. ಡ್ರೈವರ್ ಸದಾ ಏದುಸಿರು ಬಿಡಬಾರದು, ಐದನೆಯ ಒಂದು ಭಾಗವಾದರೂ ಹೆಚ್ಚುವರಿ ಶಕ್ತಿ ಇರಬೇಕು. ಹಾಗಾಗಿ 200 ವಾಟಿಗಿಂತ ಮೇಲಿನದು. ಇಷ್ಟೇ ಬೆಳಕನ್ನು 12 ವೋಲ್ಟಿನಲ್ಲಿ ಪಡೆಯಲು 14 ಆಂಪಿಯರ್ ಹರಿಯಬೇಕು. 24ರಲ್ಲಿ ಅದರ ಅರ್ಧ. ಕರೆಂಟ್ ಹೆಚ್ಚಿದಷ್ಟೂ ದಾರಿಯಲ್ಲಿ ವೋಲ್ಟೇಜ್ ಸೋರಿ ಪಟ್ಟಿಯ ಕೊನೆಯ ತುದಿ ಮಂಕಾಗುತ್ತದೆ. ಅದಕ್ಕೇ ಐದು ಮೀಟರಿಗಿಂತ ಉದ್ದವನ್ನು ಒಂದರ ಬಾಲಕ್ಕೆ ಒಂದು ಕಟ್ಟದೆ ಪ್ರತಿ ತುಂಡಿಗೂ ಡ್ರೈವರ್‌ನಿಂದ ಬೇರೆ ತಂತಿ ಎಳೆಸಬೇಕು. ಅಂಗಡಿಯಲ್ಲೇ ಇಡೀ ರೋಲ್ ಹೊತ್ತಿಸಿ ಮೊದಲ ತುದಿ, ಕೊನೆಯ ತುದಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ವ್ಯತ್ಯಾಸ ಕಣ್ಣಿಗೆ ಕಂಡರೆ ಪಟ್ಟಿಯೊಳಗಿನ ತಾಮ್ರ ತೆಳ್ಳಗಿದೆ ಎಂದರ್ಥ. ಆದರೆ ಸುತ್ತಿಟ್ಟ ರೋಲನ್ನು ಹೆಚ್ಚು ಹೊತ್ತು ಉರಿಸಬೇಡಿ, ಸುಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಹೀಗೆ ಹೊತ್ತಿಸಿ ತೋರಿಸುತ್ತಾರೆ. 5050 ಎಂದರೆ ಹೆಚ್ಚು ಬೆಳಕು, 2835 ಎಂದರೆ ಕಡಿಮೆ ಎಂದು ಅಲ್ಲಿ ಯಾರಾದರೂ ಹೇಳಿದರೆ ತಲೆದೂಗಬೇಡಿ. ಆ ಅಂಕಿಗಳು ಎಲ್‌ಇಡಿ ಚಿಪ್‌ನ ಉದ್ದಗಲದ ಅಳತೆ ಮಾತ್ರ. ಕೇಳಬೇಕಾದದ್ದು ಮೀಟರಿಗೆ ಎಷ್ಟು ಲೂಮೆನ್ (ಬೆಳಕಿನ ಅಳತೆ), ಎಷ್ಟು ವಾಟ್ ಎಂದು.

ಎಲೆಕ್ಟ್ರಿಷಿಯನ್ ಡ್ರೈವರನ್ನು ಫಾಲ್ಸ್ ಸೀಲಿಂಗಿನ ಟೊಳ್ಳಿನೊಳಗೆ ತಳ್ಳಿಬಿಡೋಣ ಎಂದರು. ನಾನು ಒಪ್ಪಲಿಲ್ಲ, ಬಾಗಿಲ ಮೇಲಿನ ಅಟ್ಟಕ್ಕೆ ತರಿಸಿದೆ. ಪಟ್ಟಿಗಿಂತ ಮೊದಲು ಸಾಯುವುದು ಬಹುಪಾಲು ಡ್ರೈವರೇ, ಅದರಲ್ಲೂ ಗಾಳಿಯಾಡದ ಜಾಗದಲ್ಲಿ. ಕಳೆದ ಬೇಸಿಗೆಯಲ್ಲಿ ನಮ್ಮದೂ ಸತ್ತಿತು. ಏಣಿ ಇಟ್ಟು ನಾಲ್ಕು ಸ್ಕ್ರೂ ಬಿಚ್ಚಿ ಬದಲಾಯಿಸಿದ್ದಾಯಿತು. ಮೇಲಿನ ಮಹಡಿಯವರು ಅದೇ ಕೆಲಸಕ್ಕೆ ಜಿಪ್ಸಮ್ ಕೊಯ್ಸಿ, ಪುಟ್ಟಿ ಹಚ್ಚಿಸಿ, ಇಡೀ ಸೀಲಿಂಗಿಗೆ ಮತ್ತೆ ಬಣ್ಣ ಹೊಡೆಸಿದರು. ಡ್ರೈವರ್ ಕೊಳ್ಳುವಾಗ ಅದರ ಮೈಮೇಲೆ 'ಆರ್' ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇದೆಯೇ ನೋಡಿ. ಒಳಗೆ ಪುಟ್ಟ ಫ್ಯಾನ್ ಇರುವ ಜಾಲರಿ ಪೆಟ್ಟಿಗೆಗಳೂ ಸಿಗುತ್ತವೆ. ರಾತ್ರಿ ಟಿವಿ ಆರಿಸಿದ ಮೇಲೆ ಅವುಗಳ ಗುಂಯ್ ಸದ್ದು ಕೇಳುತ್ತದೆ.

ಜೋಡಣೆಗೆ ಕ್ಲಿಪ್ಪಿಗಿಂತ ಬೆಸುಗೆ ಮೇಲು. ಕ್ಲಿಪ್ ಸಡಿಲವಾಗಿ ಬೆಳಕು ನಡುಗುತ್ತದೆ. ಮೂಲೆಯಲ್ಲಿ ಪಟ್ಟಿಯನ್ನು ಮಡಿಸದೆ ಕತ್ತರಿಯ ಗುರುತಿನಲ್ಲಿ ಕತ್ತರಿಸಿ ತಂತಿಯಿಂದ ಸೇರಿಸಬೇಕು.

ವಿದ್ಯುತ್ ಬಿಲ್ಲಿನ ವಿಷಯದಲ್ಲಿ ಯಾರೂ ಬಾಯಿಬಿಡುವುದಿಲ್ಲ. 170 ವಾಟ್, ದಿನಕ್ಕೆ ಐದು ಗಂಟೆ ಎಂದರೆ ತಿಂಗಳಿಗೆ 25 ಯೂನಿಟ್ ದಾಟುತ್ತದೆ. ಅದೇ ಹಾಲನ್ನು ಬೆಳಗುವ ಎರಡು 20 ವಾಟಿನ ಎಲ್‌ಇಡಿ ಟ್ಯೂಬಿಗೆ ಆರು ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಮಿತಿ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಮಾತ್ರ ಹೆಚ್ಚು. ಅಲ್ಲಿ ಈ 25 ಯೂನಿಟ್ ಸಣ್ಣದಲ್ಲ. ನಾವು ಡಿಮ್ಮರ್ ಹಾಕಿಸಿ ಹೆಚ್ಚಿನ ದಿನ ಅರ್ಧಕ್ಕೇ ಇಡುತ್ತೇವೆ. ಪೂರ್ತಿ ಬೆಳಕು ನೆಂಟರು ಬಂದಾಗ ಮಾತ್ರ. ಕಡಿಮೆ ಶಾಖ, ಡ್ರೈವರಿಗೂ ನೆಮ್ಮದಿ.

ಪಟ್ಟಿ ಕೂತಿರುವ ಸೀಲಿಂಗಿನ ಅಂಚಿನ ಗೂಡಿನಲ್ಲಿ ಧೂಳು ಸೇರುತ್ತದೆ, ಬೆಳಕಿಗೆ ಹುಳು ಬರುತ್ತದೆ, ಹುಳುವಿಗೆ ಹಲ್ಲಿ ಬರುತ್ತದೆ. ಮಳೆಗಾಲದಲ್ಲಿ ಸೀಲಿಂಗಿನ ಮೇಲೆ ಅದರ ನೆರಳು ಮೊಸಳೆಯಷ್ಟು ದೊಡ್ಡದಾಗಿ ಬೀಳುವುದನ್ನು ನೋಡಿ ಮಕ್ಕಳು ಕುಣಿದಾಡುತ್ತಾರೆ, ಹೆಂಡತಿ ಪೊರಕೆ ಹುಡುಕುತ್ತಾಳೆ. ಇದಕ್ಕೆ ಯಾವ ಡ್ರೈವರ್ ಬದಲಾಯಿಸಿದರೂ ಪರಿಹಾರವಿಲ್ಲ.

ಬಣ್ಣ ಬದಲಾಯಿಸುವ ಪಟ್ಟಿ ಬೇಕೆಂದು ಮಗ ಹಟ ಹಿಡಿದದ್ದಕ್ಕೆ ಟಿವಿಯ ಹಿಂದೆ ಯುಎಸ್‌ಬಿಯಿಂದ ಉರಿಯುವ 5 ವೋಲ್ಟಿನ ಚಿಕ್ಕದೊಂದನ್ನು ಹಾಕಿಕೊಟ್ಟಿದ್ದೇನೆ. ಗೋಡೆ ಕೊರೆಯಬೇಕಿಲ್ಲ, ಎಲೆಕ್ಟ್ರಿಷಿಯನ್ ಬೇಕಿಲ್ಲ. ಸ್ಟ್ರಿಪ್ ಬೆಳಕು ತಮ್ಮ ಮನೆಗೆ ಒಗ್ಗುತ್ತದೆಯೇ ಎಂಬ ಅನುಮಾನವಿರುವವರು ಇಂಥದ್ದರಿಂದಲೇ ಶುರುಮಾಡಬಹುದು.