ಆಫ್‌ಶೋರ್ ಲೀಕ್ಸ್ ಡೇಟಾಬೇಸ್: ಒಬ್ಬ ಮಂಡಿ ಗುಮಾಸ್ತ ತಾಳೆ ನೋಡಿದಾಗ

ದಾವಣಗೆರೆಯ ದಲಾಲಿ ಅಂಗಡಿಯೊಂದರಲ್ಲಿ 31 ವರ್ಷ ಲೆಕ್ಕ ಬರೆದವನು ನಾನು. ಮೊದಲು ಕಿರ್ದಿ, ಖಾತೆ ಪುಸ್ತಕ. ಆಮೇಲೆ ಕಂಪ್ಯೂಟರ್. ಮೆಕ್ಕೆಜೋಳದ ಸೀಜನ್‌ನಲ್ಲಿ ರಾತ್ರಿ ಹನ್ನೊಂದಾದರೂ ಶಿಲ್ಕು ಹೊಂದಿಸದೆ ಮನೆಗೆ ಹೋದವನಲ್ಲ. ಈಗ ನಿವೃತ್ತ. ಬೆಳಿಗ್ಗೆ ಪೇಪರ್, ಸಂಜೆ ಮಂಡಕ್ಕಿ ಮೆಣಸಿನಕಾಯಿ, ನಡುವೆ ಮಗಳು ಬಿಟ್ಟುಹೋದ ಲ್ಯಾಪ್‌ಟಾಪ್. ಅದರಲ್ಲಿ ಎರಡು ತಿಂಗಳಿಂದ ನಾನು ಜಾಸ್ತಿ ತೆರೆಯುತ್ತಿರುವುದು ಐಸಿಐಜೆ ಎಂಬ ಪತ್ರಕರ್ತರ ಒಕ್ಕೂಟದ ಆಫ್‌ಶೋರ್ ಲೀಕ್ಸ್ ಡೇಟಾಬೇಸ್. ತೆರಿಗೆ ಕಮ್ಮಿ ಇರುವ, ಗುಟ್ಟು ಕಾಯುವ ದೇಶಗಳಲ್ಲಿ ಹೊರಗಿನವರು ಮಾಡಿಸಿಕೊಂಡ ಕಂಪನಿಗಳ ಪಟ್ಟಿ ಅದು, ಸೋರಿಕೆಯಾದ ಕಡತಗಳಿಂದ ತೆಗೆದದ್ದು. ಬೆಣ್ಣೆ ದೋಸೆ ಹೋಟೆಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇದರ ಬಗ್ಗೆ ಬರೆಯುತ್ತೇನೆ.

ಇಲ್ಲಿಗೆ ಬಂದದ್ದು ಸಂಕಟದಿಂದ. ಕೆಲವು ವರ್ಷದ ಹಿಂದೆ ಒಂದು ಫೈನಾನ್ಸ್ ಕಂಪನಿಯಲ್ಲಿ ಎರಡು ಲಕ್ಷ ಇಟ್ಟು ಕಳೆದುಕೊಂಡೆ. ಹೆಸರು ಬೇಡ. ಇಲ್ಲಿನ ಆಫೀಸಿಗೆ ಬೀಗ ಬಿತ್ತು. ಕೇಳಿದರೆ ಹೆಡ್ ಆಫೀಸ್ ಬೇರೆ ರಾಜ್ಯದಲ್ಲಿದೆ ಅಂದರು. ಅಲ್ಲಿಗೆ ಫೋನ್ ಮಾಡಿದರೆ ಮಾಲೀಕರು ದುಬೈಯಲ್ಲಿದ್ದಾರೆ ಅಂದರು. ಲೆಕ್ಕ ಬರೆಯುವವನೇ ಮೋಸ ಹೋದ ಅಂತ ಮಂಡಿಯಲ್ಲಿ ನಕ್ಕರು. ನಗಲಿ ಬಿಡಿ.

ಮಂಡಿಯಲ್ಲಿ ಒಂದು ಪದ್ಧತಿ ಇದೆ. ನಿಮ್ಮ ಪುಸ್ತಕ ಎಷ್ಟೇ ಚೊಕ್ಕಟವಾಗಿರಲಿ, ಎದುರು ಪಾರ್ಟಿಯ ಪುಸ್ತಕದ ಜೊತೆ ತಾಳೆ ನೋಡದೆ ಅದನ್ನು ನಂಬುವಂತಿಲ್ಲ. ನಮ್ಮ ಜೋಳ ನಾಮಕ್ಕಲ್‌ನ ಕೋಳಿ ಆಹಾರದವರಿಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಅವರ ಖಾತೆ ನಕಲು ತರಿಸುತ್ತಿದ್ದೆವು. ಇಲ್ಲಿ ಬರೆದ ಲಾರಿ ಅಲ್ಲಿ ಇಳಿದೇ ಇರುವುದಿಲ್ಲ, ಅಲ್ಲಿ ಕೊಟ್ಟ ದುಡ್ಡು ಇಲ್ಲಿ ಜಮಾ ಆಗಿರುವುದಿಲ್ಲ. ಕಳ್ಳತನ ಇರುವುದು ಎರಡು ಊರಿನ ನಡುವೆ. ಒಂದೇ ಊರಲ್ಲಿ ಕೂತು ಹುಡುಕಿದರೆ ಅದು ಜನ್ಮದಲ್ಲಿ ಸಿಗುವುದಿಲ್ಲ.

ಐಸಿಐಜೆಯವರು ಮಾಡುವುದು ಇದೇ ತಾಳೆ. 1997ರಲ್ಲಿ ಶುರುವಾದ ಒಕ್ಕೂಟ, ಮುಖ್ಯ ಕಚೇರಿ ವಾಷಿಂಗ್ಟನ್. ಪನಾಮಾ ಪೇಪರ್ಸ್ ನೆನಪಿದೆಯಲ್ವಾ? ಪನಾಮಾ ದೇಶದಲ್ಲಿ ಇಂಥ ಕಂಪನಿಗಳನ್ನು ಮಾಡಿಕೊಡುತ್ತಿದ್ದ ಮೊಸಾಕ್ ಫೊನ್ಸೆಕಾ ಎಂಬ ವಕೀಲರ ಕಚೇರಿಯ 1 ಕೋಟಿ 15 ಲಕ್ಷ ಕಡತಗಳು ಜರ್ಮನಿಯ ಒಂದು ಪತ್ರಿಕೆಗೆ ಸಿಕ್ಕಿದವು. ಕೊಟ್ಟವರು ಹೇಳಿಕೊಂಡ ಹೆಸರು ಜಾನ್ ಡೋ, ಅಂದರೆ ಅನಾಮಿಕ. ಪತ್ರಿಕೆಯವರು ಗಂಟನ್ನು ಒಬ್ಬರೇ ಇಟ್ಟುಕೊಳ್ಳಲಿಲ್ಲ. ಈ ಒಕ್ಕೂಟದ ಮೂಲಕ 350ಕ್ಕೂ ಹೆಚ್ಚು ಪತ್ರಕರ್ತರಿಗೆ ಹಂಚಿದರು. ಸುಮಾರು ಒಂದು ವರ್ಷ ಎಲ್ಲರೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು. ಏಪ್ರಿಲ್ 3, 2016ರಂದು ಎಲ್ಲ ದೇಶಗಳಲ್ಲೂ ಒಟ್ಟಿಗೆ ಹೊರಬಿತ್ತು. ನಮ್ಮ ಮಂಡಿಪೇಟೆಯಲ್ಲಿ ಒಂದು ಗುಟ್ಟು ಮಧ್ಯಾಹ್ನದ ಚಹಾದವರೆಗೆ ಉಳಿದರೆ ದೊಡ್ಡದು.

ಹಂಚಿದ್ದರಿಂದ ಏನು ಲಾಭ ಅನ್ನುವುದಕ್ಕೆ ಐಸ್‌ಲ್ಯಾಂಡ್ ಸಾಕ್ಷಿ. ಕಡತದಲ್ಲಿ ವಿಂಟ್ರಿಸ್ ಅಂತ ಒಂದು ಕಂಪನಿ. ಅದರ ಅರ್ಧ ಪಾಲನ್ನು ಗಂಡ ಹೆಂಡತಿಗೆ ಒಂದು ಡಾಲರಿಗೆ ಮಾರಿದ್ದಾನೆ, ತಾರೀಕು 2009ರ ಡಿಸೆಂಬರ್ 31. ಇಂಥ ನಮೂದು ಕಂಡರೆ ಯಾವ ಗುಮಾಸ್ತನಿಗಾದರೂ ಕಣ್ಣು ಕಿರಿದಾಗುತ್ತದೆ. ಆದರೆ ಆ ಗಂಡ ಆಮೇಲೆ ಪ್ರಧಾನಿಯಾದ, ದಿವಾಳಿಯಾದ ಬ್ಯಾಂಕುಗಳಿಗೆ ಸಾಲ ಕೊಟ್ಟವರ ವಿಚಾರ ಅವನ ಸರ್ಕಾರದ ಮುಂದೆಯೇ ಬಂತು, ಆ ಬ್ಯಾಂಕುಗಳಿಂದ ವಿಂಟ್ರಿಸ್‌ಗೂ ಬಾಕಿ ಬರಬೇಕಿತ್ತು. ಇಷ್ಟನ್ನೂ ಜೋಡಿಸಿ ಓದಲು ಆ ಊರಿನವನೇ ಬೇಕು. ಐಸ್‌ಲ್ಯಾಂಡಿನ ಪತ್ರಕರ್ತನೊಬ್ಬ ಅದನ್ನು ಮಾಡಿದ. ಸುದ್ದಿ ಬಂದ ಎರಡೇ ದಿನಕ್ಕೆ ಪ್ರಧಾನಿ ಸಿಗ್ಮುಂಡುರ್ ಗುನ್‌ಲೌಗ್ಸನ್ ಕುರ್ಚಿ ಬಿಡಬೇಕಾಯಿತು.

ಇನ್ನು ಬಳಕೆಗೆ ಬರೋಣ. ಡೇಟಾಬೇಸ್ ಪೂರ್ತಿ ಉಚಿತ. 2013ರಲ್ಲಿ ಶುರು. ಪನಾಮಾ, ಅದರ ನಂತರ ಸೋರಿಕೆಯಾದ ಪ್ಯಾರಡೈಸ್, ಪಂಡೋರಾ ಕಡತಗಳು ಎಲ್ಲ ಸೇರಿ ಈಗ 8 ಲಕ್ಷಕ್ಕೂ ಹೆಚ್ಚು ಕಂಪನಿ, ಟ್ರಸ್ಟ್‌ಗಳಿವೆ. ತೆರೆದ ಕೂಡಲೇ ಒಂದು ಎಚ್ಚರಿಕೆ ಬರುತ್ತದೆ: ಇಲ್ಲಿ ಹೆಸರಿದ್ದ ಮಾತ್ರಕ್ಕೆ ತಪ್ಪು ಮಾಡಿದರು ಅಂತಲ್ಲ. ಅದಕ್ಕೆ ಒಪ್ಪಿ ಗುರುತು ಹಾಕಿದರೆ ಮಾತ್ರ ಒಳಗೆ. ಇದು ನನಗೆ ಹಿಡಿಸಿತು. ಹೆಸರು ಕೊಟ್ಟು ಹುಡುಕಿದರೆ ಕಂಪನಿ, ಅದರ ಪಾಲುದಾರರು, ಮಾಡಿಕೊಟ್ಟ ದಲ್ಲಾಳಿ, ವಿಳಾಸ ಬರುತ್ತವೆ. ಚುಕ್ಕೆ, ಗೆರೆಗಳ ಒಂದು ಚಿತ್ರವೂ ಬರುತ್ತದೆ, ಯಾರಿಂದ ಯಾರಿಗೆ ನಂಟು ಅಂತ. ಚುಕ್ಕೆ ಒತ್ತಿದರೆ ಇನ್ನಷ್ಟು ಗೆರೆಗಳು. ಒಂದು ರಾತ್ರಿ ಹಾಗೇ ಒತ್ತುತ್ತಾ ಕೂತು ಎರಡು ಗಂಟೆಯಾಯಿತು. ಬ್ರಿಟಿಷ್ ವರ್ಜಿನ್ ದ್ವೀಪಗಳ ರೋಡ್ ಟೌನ್ ಎಂಬ ಊರಿನ ಒಂದೇ ಕಟ್ಟಡದ ವಿಳಾಸದಲ್ಲಿ ಲೆಕ್ಕವಿಲ್ಲದಷ್ಟು ಕಂಪನಿಗಳು. ನಮ್ಮಲ್ಲೂ ಒಂದೇ ಗೋಡೌನಿಗೆ ಮೂರು ಬೋರ್ಡು ಹಾಕಿದವರನ್ನು ನೋಡಿದ್ದೇನೆ. ಮೂರಕ್ಕೇ ನಾವು ಮಾತಾಡಿಕೊಳ್ಳುತ್ತಿದ್ದೆವು!

ಇನ್ನೊಂದು ತಮಾಷೆ. ಎಷ್ಟೋ ಕಂಪನಿಗಳಲ್ಲಿ ಪಾಲುದಾರರ ಹೆಸರಿನ ಜಾಗದಲ್ಲಿ 'ದಿ ಬೇರರ್' ಅಂತಿದೆ. ಯಾರಪ್ಪಾ ಈ ಮನುಷ್ಯ, ಇಷ್ಟು ಆಸ್ತಿ ಅಂತ ಗಾಬರಿಯಾದೆ. ಆಮೇಲೆ ಹೊಳೆಯಿತು. ಷೇರು ಕಾಗದ ಯಾರ ಕೈಯಲ್ಲಿದೆಯೋ ಅವನೇ ಮಾಲೀಕ. ನಮ್ಮ ಹಳೇ ಸಾಹುಕಾರರು ಹೇಳುತ್ತಿದ್ದ ಹುಂಡಿಯ, ಅಂದರೆ ತಂದವನಿಗೆ ದುಡ್ಡು ಕೊಡುವ ಚೀಟಿಯ, ಕಥೆಯೇ.

ಕೊರತೆಗಳೂ ಇವೆ. ಇದು ಬರೀ ಹೆಸರಿನ ಪಟ್ಟಿ, ರೋಕಡ ಅಲ್ಲ. ಎಷ್ಟು ದುಡ್ಡು ಹೋಯಿತು, ಯಾವ ಬ್ಯಾಂಕು, ಯಾವ ಪತ್ರ ಅನ್ನುವುದೆಲ್ಲ ಪತ್ರಕರ್ತರ ಬಳಿಯೇ ಉಳಿದಿದೆ. ಸುಮ್ಮನೆ ಎಲ್ಲವನ್ನೂ ಬೀದಿಗೆ ಸುರಿದರೆ ಅಮಾಯಕರ ಪಾಸ್‌ಪೋರ್ಟು, ಖಾತೆ ಸಂಖ್ಯೆಯೂ ಬರುತ್ತವೆ, ಹಾಗಾಗಿ ಒಪ್ಪುತ್ತೇನೆ. ಮಾಹಿತಿ ಹಳೆಯದು, ಪನಾಮಾದ್ದು 2015ಕ್ಕೇ ನಿಲ್ಲುತ್ತದೆ. ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು. ನಮ್ಮ ಹೆಸರುಗಳ ಸ್ಪೆಲಿಂಗ್ ಗೊತ್ತಲ್ಲ, ಬಸವರಾಜ ಅನ್ನುವುದನ್ನೇ ನಾಲ್ಕು ಥರ ಬರೆಯುತ್ತಾರೆ. ನಾಲ್ಕೂ ಹಾಕಿ ನೋಡಬೇಕು. ಇನಿಷಿಯಲ್ ಬಿಟ್ಟು ಹುಡುಕಿದರೆ ವಾಸಿ. ಮೊಬೈಲಿನಲ್ಲಿ ಆ ಚುಕ್ಕೆ ಗೆರೆಗಳು ಕಾಣುವುದೇ ಇಲ್ಲ ಅನ್ನಿ.

ನನ್ನ ಫೈನಾನ್ಸ್ ಕಂಪನಿಯವನ ಹೆಸರು ಹಾಕಿದಾಗ ಏಳು ಜನ ಬಂದರು. ಕೈ ನಡುಗಿತು. ಒಬ್ಬೊಬ್ಬರ ವಿಳಾಸ ನೋಡಿದೆ. ಯಾರೂ ಇವನಲ್ಲ. ಆ ಏಳು ಜನರಲ್ಲಿ ಒಬ್ಬರನ್ನು ಇವನೇ ಅಂದುಕೊಂಡು ವಾಟ್ಸಾಪ್‌ಗೆ ಹಾಕಿಬಿಟ್ಟಿದ್ದರೆ? ಆ ಎಚ್ಚರಿಕೆಯ ಬೆಲೆ ಆಗ ಗೊತ್ತಾಯಿತು. ಹಿಂದೆ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ಇದರಾಗ ನಮ್ಮ ದುಡ್ಡು ಸಿಗ್ತದೇನ್ರೀ?" ಅಂದಳು. ಇಲ್ಲ ಅಂದೆ. "ಮತ್ಯಾಕ ಕರೆಂಟ್ ಸುಡ್ತೀರಿ" ಅಂತ ಒಳಗೆ ಹೋದಳು.

ಅವಳ ಪ್ರಶ್ನೆ ದೇಶಕ್ಕೂ ಸಲ್ಲುತ್ತದೆ. ಪನಾಮಾ, ಪ್ಯಾರಡೈಸ್ ಎರಡರಲ್ಲೂ ಸೇರಿ ಭಾರತದ ನಂಟಿನ 930 ವ್ಯಕ್ತಿ, ಸಂಸ್ಥೆಗಳ ಹೆಸರಲ್ಲಿ 20,353 ಕೋಟಿ ರೂಪಾಯಿ ಲೆಕ್ಕಕ್ಕೆ ಸಿಗದ ಜಮಾ ಪತ್ತೆಯಾಗಿದೆ ಅಂತ ಸರ್ಕಾರ 2021ರಲ್ಲಿ ಸಂಸತ್ತಿಗೆ ಹೇಳಿತು. ಅಷ್ಟರವರೆಗೆ ವಸೂಲಾದ ತೆರಿಗೆ ಸುಮಾರು 154 ಕೋಟಿ. ಇದು ಪತ್ರಕರ್ತರ ತಪ್ಪಲ್ಲ. ಗುಮಾಸ್ತ ಬಾಕಿ ತೋರಿಸಬಹುದು, ವಸೂಲಿಗೆ ಸಾಹುಕಾರನೇ ಹೋಗಬೇಕು.

ಮಂಡಿಯ ಗೆಳೆಯರೊಬ್ಬರು ಅಂದರು, ಅದೆಲ್ಲ ದೊಡ್ಡವರ ಆಟ, ನಮಗೇನು ಸಂಬಂಧ ಅಂತ. ನಾನು ಗೌರಿ ಲಂಕೇಶ್ ಹೆಸರು ಹೇಳಿದೆ. ಪ್ಯಾರಿಸ್ಸಿನಲ್ಲಿ ಫರ್ಬಿಡನ್ ಸ್ಟೋರೀಸ್ ಅಂತ ಇಂಥದ್ದೇ ಇನ್ನೊಂದು ತಂಡವಿದೆ. ಕೊಲೆಯಾದ, ಬೆದರಿಕೆಗೆ ಒಳಗಾದ ಪತ್ರಕರ್ತರ ಕೆಲಸವನ್ನು ಬೇರೆ ದೇಶದವರು ಸೇರಿ ಮುಂದುವರಿಸುತ್ತಾರೆ. 2017ರಲ್ಲಿ ಗೌರಿ ಸುಳ್ಳು ಸುದ್ದಿಗಳ ಬಗ್ಗೆ ಬರೆದಿಟ್ಟಿದ್ದನ್ನೇ ಹಿಡಿದು 2023ರಲ್ಲಿ ನೂರಕ್ಕೂ ಹೆಚ್ಚು ಪತ್ರಕರ್ತರು ದುಡ್ಡಿಗೆ ಸುಳ್ಳು ಹರಡುವ ಕಂಪನಿಗಳನ್ನು ಹೊರಗೆಳೆದರು. ಗೆಳೆಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಕ್ಕೆಜೋಳದ ರೇಟಿಗೆ ಹೋದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕನ್ನಡ ಬಂದ ದಿನ ಇನ್ನರ್ಧ.

ಐಸಿಐಜೆ ನಡೆಯುವುದು ದೇಣಿಗೆಯಿಂದ. ಇಷ್ಟು ದಿನ ಪುಕ್ಕಟೆ ಬಳಸಿದ್ದೇನೆ, ಐನೂರು ರೂಪಾಯಿ ಕಳಿಸೋಣ ಅಂತ ಕಾರ್ಡ್ ನಂಬರ್ ಹಾಕಿದೆ. ಆಗಲಿಲ್ಲ. ಮತ್ತೆ ಹಾಕಿದೆ. ನನ್ನ ಕಾರ್ಡಿಗೆ ವಿದೇಶಿ ವ್ಯವಹಾರ ಬಂದ್ ಆಗಿದೆಯಂತೆ. ದಾವಣಗೆರೆಯಿಂದ ಐನೂರು ರೂಪಾಯಿ ಗಡಿ ದಾಟಬೇಕಾದರೆ ಬ್ಯಾಂಕಿಗೆ ಬಂದು ಅರ್ಜಿ ಕೊಡಿ ಅಂದರು. ಸೋಮವಾರ ಹೋಗಬೇಕು.